ಆಸ್ಪತ್ರೆ ಹತ್ತಿರ, ಆರೈಕೆ ದೂರ: ದೇರೆಬೈಲಿನ ಹಿರಿಯರ ಪ್ರಶ್ನೆ

ವೈದ್ಯಕೀಯ ಸೌಲಭ್ಯದಲ್ಲಿ ಮಂಗಳೂರಿಗೆ ಸಮನಾದ ನಗರಗಳು ಕರ್ನಾಟಕದಲ್ಲಿ ವಿರಳ. 1848ರಷ್ಟು ಹಿಂದಿನ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಕಂಕನಾಡಿಯಲ್ಲಿ ಬೇರೂರಿದ ಫಾದರ್ ಮುಲ್ಲರ್ ಸಂಸ್ಥೆ ಹಾಗೂ ಅನಂತರ ಬಂದ ವೈದ್ಯಕೀಯ ಕಾಲೇಜುಗಳಿಗೆ ನೆರೆಜಿಲ್ಲೆಗಳಿಂದಲೂ ರೋಗಿಗಳು ಬರುತ್ತಾರೆ. ನಗರದ ಉತ್ತರ ಭಾಗದ ದೇರೆಬೈಲಿಗಂತೂ ಕುಂಟಿಕಾನದ ದೊಡ್ಡ ಖಾಸಗಿ ಆಸ್ಪತ್ರೆ ಕೂಗಳತೆಯಲ್ಲಿದೆ. ಆದರೆ ಈ ವ್ಯವಸ್ಥೆಯೆಲ್ಲ ರೋಗಿ ತಾನಾಗಿ ಬಾಗಿಲಿಗೆ ಬರುತ್ತಾನೆಂಬ ನಂಬಿಕೆಯ ಮೇಲೆ ನಿಂತಿರುವುದರಿಂದ, ಏರುತಗ್ಗಿನ ಓಣಿಯಲ್ಲಿ ನಡೆಯಲಾಗದ, ಸಿಟಿ ಬಸ್ಸಿನ ಮೆಟ್ಟಿಲು ಹತ್ತಲಾಗದ, ಮಳೆಗಾಲದ ತಿಂಗಳುಗಳಲ್ಲಿ ಅಂಗಳಕ್ಕೂ ಇಳಿಯಲು ಅಂಜುವ ಹಿರಿಯರಿಗೆ ಸಮೀಪದ ಆಸ್ಪತ್ರೆಯೂ ದೂರವೇ ಆಗಿಬಿಡುತ್ತದೆ.

ವಯೋಸಹಜವಾದ ಬಳಲಿಕೆಗೂ ವೈದ್ಯಶಾಸ್ತ್ರವು ಗುರುತಿಸುವ ವಯೋದೌರ್ಬಲ್ಯಕ್ಕೂ ವ್ಯತ್ಯಾಸವಿದೆ. 2001ರಲ್ಲಿ ಅಮೆರಿಕದ ಲಿಂಡಾ ಫ್ರೀಡ್ ಮತ್ತು ಸಂಗಡಿಗರು ಇದಕ್ಕೆ ಐದು ಲಕ್ಷಣಗಳನ್ನು ಸೂಚಿಸಿದರು: ಪ್ರಯತ್ನಿಸದೆಯೇ ತೂಕ ಇಳಿಯುವುದು, ಸದಾ ಆಯಾಸ, ಕೈಹಿಡಿತದ ಬಲ ಕುಗ್ಗುವುದು, ನಡಿಗೆ ನಿಧಾನವಾಗುವುದು ಮತ್ತು ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಅಥವಾ ಹೆಚ್ಚು ಕಂಡುಬಂದವರನ್ನು ದುರ್ಬಲರೆಂದೂ, ಒಂದೆರಡು ಕಂಡುಬಂದವರನ್ನು ದೌರ್ಬಲ್ಯದ ಅಂಚಿನಲ್ಲಿರುವವರೆಂದೂ ಪರಿಗಣಿಸಲಾಗುತ್ತದೆ. ಅಂಥವರಿಗೆ ಒಂದು ಸಣ್ಣ ಜ್ವರ ಅಥವಾ ಬಚ್ಚಲಲ್ಲಿ ಒಮ್ಮೆ ಜಾರಿ ಬೀಳುವುದೇ ಹಾಸಿಗೆ ಹಿಡಿಯಲು ಕಾರಣವಾಗಬಹುದು. ಸಕಾಲದಲ್ಲಿ ಗುರುತಿಸಿ ಪೌಷ್ಟಿಕ ಆಹಾರ, ಸರಳ ವ್ಯಾಯಾಮ, ಔಷಧಗಳ ಮರುಪರಿಶೀಲನೆ ಒದಗಿಸಿದರೆ ಆ ಇಳಿಜಾರನ್ನು ನಿಧಾನಗೊಳಿಸಲು ಸಾಧ್ಯ. ಕೇಂದ್ರ ಸರಕಾರವು 2017–18ರಲ್ಲಿ ನಡೆಸಿದ ವೃದ್ಧಾಪ್ಯದ ದೀರ್ಘಾವಧಿ ಅಧ್ಯಯನದ ಪ್ರಕಾರ, 60 ದಾಟಿದವರಲ್ಲಿ ಸುಮಾರು ಶೇ. 24ರಷ್ಟು ಮಂದಿಗೆ ಸ್ನಾನ, ಉಡುಗೆ, ಊಟ, ಶೌಚ, ನಡಿಗೆಯಂಥ ದೈನಂದಿನ ಕೆಲಸಗಳಲ್ಲಿ ಒಂದಾದರೂ ಕಷ್ಟವಾಗಿದೆ.

ಕರಾವಳಿಯಲ್ಲಿ ಈ ಆರೈಕೆಯ ಭಾರವನ್ನು ಹೊತ್ತಿದ್ದು ಕುಟುಂಬ. ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ಮನೆತನ ಮುಂದುವರಿಯುವ ಪದ್ಧತಿಯ ಸಮುದಾಯಗಳಲ್ಲಿ ಅಜ್ಜಿ, ಮಗಳು, ಮೊಮ್ಮಗಳು ಒಂದೇ ಸೂರಿನಡಿ ಇರುತ್ತಿದ್ದುದರಿಂದ ವೃದ್ಧರಿಗೆ ಕೈಯಾಸರೆ ತಪ್ಪುತ್ತಿರಲಿಲ್ಲ, ಆ ಆಸರೆಯ ಹಿಂದೆ ಹೆಂಗಸರ ಲೆಕ್ಕವಿಡದ ದುಡಿಮೆ ಇತ್ತೆಂಬುದೂ ಅಷ್ಟೇ ನಿಜ. ಮನೆತನಗಳು ಪಾಲಾಗಿ, ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ಹೋದ ಮೇಲೆ ಆ ಜಾಗಕ್ಕೆ ಬಂದವರು ಏಜೆನ್ಸಿಗಳು ಕಳುಹಿಸುವ ‘ಹೋಂ ನರ್ಸ್’ಗಳು. ಈ ಹೆಸರಿನಡಿ ನೋಂದಾಯಿತ ದಾದಿಯರೂ, ಯಾವ ತರಬೇತಿಯೂ ಇಲ್ಲದೆ ಹೊಟ್ಟೆಪಾಡಿಗೆ ಬಂದ ಮಹಿಳೆಯರೂ ಸೇರಿಕೊಂಡಿರುವುದರಿಂದ, ಹಾಸಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನೋ ಮೂತ್ರನಳಿಕೆಯ ಶುಚಿತ್ವವನ್ನೋ ಬಲ್ಲವರು ಯಾರೆಂದು ತಿಳಿಯುವ ದಾರಿ ಕುಟುಂಬಕ್ಕಿಲ್ಲ. ಹಗಲಿರುಳು ದುಡಿಯುವ ಆ ಮಹಿಳೆಯರಿಗೂ ರಜೆ, ವಿಶ್ರಾಂತಿಗಳ ಖಾತ್ರಿಯಿಲ್ಲ.

ಸರಕಾರದ ನೆರವು ಇಲ್ಲವೆಂದಲ್ಲ, ಆದರೆ ಅದು ಬಿಡಿಬಿಡಿಯಾಗಿದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಂತೆ ಮಕ್ಕಳಿಂದ ತಿಂಗಳಿಗೆ ಗರಿಷ್ಠ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ ಆ ಹಸ್ತಾಂತರವನ್ನೇ ರದ್ದುಪಡಿಸಬಹುದು. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ ಬಡ ಹಿರಿಯರಿಗೆ ಮಾಸಾಶನ ನೀಡುತ್ತದೆ. 14567 ಎಂಬ ಸಹಾಯವಾಣಿ ದೇಶದಾದ್ಯಂತ ಮಾಹಿತಿ ಮತ್ತು ಮಾರ್ಗದರ್ಶನ ಒದಗಿಸುತ್ತದೆ. ಕೇಂದ್ರ ಸರಕಾರ 2024ರಲ್ಲಿ 70 ತುಂಬಿದವರೆಲ್ಲರಿಗೆ ವಿಸ್ತರಿಸಿದ ಆಯುಷ್ಮಾನ್ ಭಾರತ್ ಯೋಜನೆಯು ಆಸ್ಪತ್ರೆಗೆ ದಾಖಲಾದವರ ಚಿಕಿತ್ಸೆಗೆ ಮೀಸಲು. ಅದೇ ವರ್ಷ ಕೋಲಾರದಲ್ಲಿ ಆರಂಭವಾದ ರಾಜ್ಯದ ಗೃಹ ಆರೋಗ್ಯ ಯೋಜನೆ ಮನೆಮನೆಗೆ ಹೋಗುವುದೇನೋ ಹೌದು, ಆದರೆ ಅದರ ಮುಖ್ಯ ಗುರಿ ರಕ್ತದೊತ್ತಡ, ಮಧುಮೇಹದಂಥ ರೋಗಗಳ ತಪಾಸಣೆ. ಹೀಗೆ ಹಣಕ್ಕೆ, ಕಾನೂನಿಗೆ, ತಪಾಸಣೆಗೆ ಒಂದೊಂದು ದಾರಿ ಇದ್ದರೂ, ಹಾಸಿಗೆ ಹಿಡಿದವರ ಬಳಿಗೆ ವಾರವಾರವೂ ಬರುವ ಕೈಗಳು ಇವುಗಳಲ್ಲಿ ಯಾವುದರಿಂದಲೂ ಸಿಗುವುದಿಲ್ಲ.

ಆ ಕೈಗಳು ಹೇಗಿರಬಹುದೆಂದು ತಿಳಿಯಲು ತಲಪಾಡಿ ಗಡಿ ದಾಟಿದರೆ ಸಾಕು. 2008ರಲ್ಲಿ ಕೇರಳ ಸರಕಾರ ಉಪಶಾಮಕ ಆರೈಕೆಯ ನೀತಿಯನ್ನು ಪ್ರಕಟಿಸಿತು. ರೋಗ ವಾಸಿಯಾಗದಿದ್ದರೂ ನೋವು, ಗಾಯ, ಉಸಿರಾಟದ ತೊಂದರೆ, ಮನಸ್ಸಿನ ಕುಸಿತಗಳನ್ನು ತಗ್ಗಿಸಿ ಬದುಕನ್ನು ಸಹನೀಯಗೊಳಿಸುವುದೇ ಈ ಆರೈಕೆಯ ತಿರುಳು. ಅಲ್ಲಿ ತರಬೇತಿ ಪಡೆದ ದಾದಿ, ಆಶಾ ಕಾರ್ಯಕರ್ತೆ ಮತ್ತು ಊರಿನ ಸ್ವಯಂಸೇವಕರ ತಂಡವು ಸ್ಥಳೀಯ ಸಂಸ್ಥೆಯ ಯೋಜನಾ ಹಣದಿಂದ ಮನೆಗಳಿಗೆ ಭೇಟಿ ನೀಡುತ್ತದೆ. ಮಂಜೇಶ್ವರ, ಕಾಸರಗೋಡುಗಳ ಕನ್ನಡ ಮಾತಿನ ಪಂಚಾಯತುಗಳೂ ಇದೇ ವ್ಯವಸ್ಥೆಯೊಳಗಿವೆ.

ಮನೆಬಾಗಿಲಿಗೆ ಹೋಗುವ ಸಾಮರ್ಥ್ಯ ಕರ್ನಾಟಕದ ಆಡಳಿತಕ್ಕೂ ಇದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರು ಮನೆಯಿಂದಲೇ ಮತ ಹಾಕಲು ಅವಕಾಶವಾದಾಗ, ಇಚ್ಛಿಸಿದ ಹಿರಿಯರ ಪಟ್ಟಿಯನ್ನು ವಿಳಾಸಸಹಿತ ಸಿದ್ಧಪಡಿಸಿ, ಅಧಿಕಾರಿಗಳ ತಂಡಗಳು ಅವರ ಮನೆಗೇ ಹೋಗಿದ್ದವು. ದೇರೆಬೈಲಿನ ಹೆಸರು ಹೊತ್ತ ವಾರ್ಡುಗಳು ಮಹಾನಗರ ಪಾಲಿಕೆಯಲ್ಲಿ ಒಂದಕ್ಕಿಂತ ಹೆಚ್ಚಿವೆ. ಪ್ರತಿ ವಾರ್ಡಿನಲ್ಲಿ ಅಂಥ ಪಟ್ಟಿಯನ್ನು ಆರೋಗ್ಯ ಇಲಾಖೆ ಮತ್ತು ಪಾಲಿಕೆ ಒಟ್ಟಾಗಿ ಕಾಯಂ ಇಟ್ಟುಕೊಂಡು, ಒಬ್ಬ ದಾದಿಗೂ ಆಶಾ ಕಾರ್ಯಕರ್ತೆಯರಿಗೂ ಅದರ ಹೊಣೆ ಒಪ್ಪಿಸಿ, ಸುತ್ತಲಿನ ವೈದ್ಯಕೀಯ ಮತ್ತು ನರ್ಸಿಂಗ್ ಕಾಲೇಜುಗಳ ನೆರವು ಪಡೆದರೆ, ನಗರದಲ್ಲಿ ಈಗಾಗಲೇ ಇರುವ ವಿದ್ಯೆ ಹಾಸಿಗೆಯ ಪಕ್ಕಕ್ಕೆ ತಲುಪುತ್ತದೆ. ಐದು ವರ್ಷಕ್ಕೊಮ್ಮೆ ಮತಕ್ಕಾಗಿ ಹುಡುಕಿ ಹೋಗಲಾದ ಮನೆಗೆ ತಿಂಗಳಿಗೊಮ್ಮೆ ಆರೈಕೆಗಾಗಿ ಹೋಗುವುದು ಆಡಳಿತದ ಶಕ್ತಿಗೆ ಮೀರಿದ ಕೆಲಸವಲ್ಲ.