ಬೀದಿಯ ಅಂಗಡಿ ಉಳಿಯಬೇಕಾದರೆ: ಲೆಕ್ಕ, ತೆರಿಗೆ ಮತ್ತು ಅಚೌರ್ಯ ವ್ರತ

2025ರ ಜುಲೈ ತಿಂಗಳಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಿತು. ಯುಪಿಐ ಮೂಲಕ ಜಮೆಯಾದ ಹಣವೇ ಅದಕ್ಕೆ ಆಧಾರ. ಬೆಂಗಳೂರಿನ ಅನೇಕ ಬೇಕರಿ, ಕಿರಾಣಿ ಅಂಗಡಿಗಳವರು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ಎಂದು ಬರೆದು ಹಾಕಿದರು. ನಂತರ ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ತಿಳಿಸಿದರು. ನಮ್ಮ ಸಮಾಜದಲ್ಲಿ ಚಿಕ್ಕ ಅಂಗಡಿಯನ್ನೇ ನಂಬಿದ ಕುಟುಂಬಗಳು ಬಹಳ ಇರುವುದರಿಂದ ನಿಯಮವನ್ನು ಸರಿಯಾಗಿ ತಿಳಿದಿರುವುದು ಒಳ್ಳೆಯದು.

ನಿಯಮ ಏನು ಹೇಳುತ್ತದೆ?

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂ. ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಸೇವೆ ನೀಡುವವರಿಗೆ ಈ ಮಿತಿ 20 ಲಕ್ಷ ರೂ. ದಿನಕ್ಕೆ 11,000 ರೂ. ವ್ಯಾಪಾರವಾದರೆ ವರ್ಷ ತುಂಬುವಷ್ಟರಲ್ಲಿ 40 ಲಕ್ಷ ದಾಟುತ್ತದೆ. ನಗದೂ ಇದರಲ್ಲಿ ಸೇರುತ್ತದೆ; ಕ್ಯೂಆರ್ ಕೋಡ್ ತೆಗೆದ ಮಾತ್ರಕ್ಕೆ ಲೆಕ್ಕ ಬದಲಾಗುವುದಿಲ್ಲ.

ಹಾಲು, ತಾಜಾ ತರಕಾರಿ, ಹಣ್ಣು ಮುಂತಾದ ತೆರಿಗೆ ಇಲ್ಲದ ಪದಾರ್ಥಗಳನ್ನು ಮಾತ್ರ ಮಾರುವವರಿಗೆ ನೋಂದಣಿ ಬೇಕಿಲ್ಲ. ಅದೇ ಅಂಗಡಿಯಲ್ಲಿ ಸೋಪು, ಬಿಸ್ಕತ್ತು ಸಹ ಮಾರಿದರೆ ಹಾಲು, ತರಕಾರಿಯ ಮಾರಾಟವೂ 40 ಲಕ್ಷದ ಲೆಕ್ಕಕ್ಕೆ ಸೇರುತ್ತದೆ.

1.5 ಕೋಟಿ ರೂ. ವರೆಗಿನ ವಹಿವಾಟಿಗೆ ಕಾಂಪೋಸಿಷನ್ (ರಾಜಿ ತೆರಿಗೆ) ಪದ್ಧತಿ ಇದೆ. ವ್ಯಾಪಾರಿಗೆ ತೆರಿಗೆ ಶೇ. 1. ತೆರಿಗೆಗೆ ಒಳಪಡುವ 50 ಲಕ್ಷದ ಮಾರಾಟಕ್ಕೆ 50,000 ರೂ. ಮೂರು ತಿಂಗಳಿಗೊಮ್ಮೆ ಕಟ್ಟಬೇಕು. ಇದನ್ನು ಗ್ರಾಹಕರಿಂದ ವಸೂಲು ಮಾಡುವಂತಿಲ್ಲ. ಖರೀದಿಯ ಮೇಲೆ ಕೊಟ್ಟ ತೆರಿಗೆಯೂ ವಾಪಸು ಸಿಗುವುದಿಲ್ಲ.

ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಇರಲಿ. ನೆಂಟರು ಕಳಿಸಿದ ಹಣ, ಕೈಸಾಲ, ವ್ಯಾಪಾರದ ಹಣ ಒಂದೇ ಖಾತೆಯಲ್ಲಿ ಬೆರೆತರೆ ಯಾವುದು ಮಾರಾಟದ್ದಲ್ಲ ಎಂದು ತೋರಿಸುವುದು ಕಷ್ಟ. ಖರೀದಿಯ ಬಿಲ್ಲುಗಳನ್ನು ಜೋಪಾನವಾಗಿ ಇಡಬೇಕು.

ಶ್ರಾವಕನಿಗೆ ಇದು ಹೊಸದಲ್ಲ

ತತ್ತ್ವಾರ್ಥ ಸೂತ್ರದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಕಳ್ಳತನಕ್ಕೆ ಪ್ರೇರೇಪಿಸುವುದು, ಕದ್ದ ಮಾಲು ಕೊಳ್ಳುವುದು, ರಾಜ್ಯದ ನಿಯಮ ಮೀರುವುದು, ತೂಕ-ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಮಾಲಿನಲ್ಲಿ ಕೀಳು ಮಾಲು ಬೆರೆಸುವುದು. ಐದೂ ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರವೇ ನಡೆಯುವಂಥವು. ಲೆಕ್ಕ ಇಡುವುದು ವ್ರತಪಾಲನೆಯ ಭಾಗವೇ ಆಗಿದೆ.

ಮನೆಯವರ ಪಾಲು

ವ್ಯಾಪಾರಿಯೊಬ್ಬನಿಂದಲೇ ಅಂಗಡಿ ಉಳಿಯುವುದಿಲ್ಲ. ಮೊಬೈಲಿನಲ್ಲಿ ಆರ್ಡರ್ ಮಾಡಿದ ಸಾಮಾನಿಗೆ ಹಣ ಕೂಡಲೇ ಸಂದಾಯವಾಗುತ್ತದೆ. ಬೀದಿಯ ಅಂಗಡಿಯ ಉದ್ರಿ ಮಾತ್ರ ತಿಂಗಳುಗಟ್ಟಲೆ ನಿಲ್ಲುತ್ತದೆ. ಆ ಹಣ ಬಾರದಿದ್ದರೆ ಸಗಟು ವ್ಯಾಪಾರಿಗೆ ಕೊಡಲು ಸಾಲ ಮಾಡಬೇಕು, ಬಡ್ಡಿ ಕಟ್ಟಬೇಕು. ಆದ್ದರಿಂದ ಉದ್ರಿಯನ್ನು ತಿಂಗಳೊಳಗೆ ತೀರಿಸುವುದೇ ಮೊದಲ ಸಹಾಯ. ಬಿಲ್ಲು ಕೇಳಿ ಪಡೆಯುವುದು ಎರಡನೆಯದು. ದಶಲಕ್ಷಣ ಪರ್ವ, ಬಸದಿಯ ವಾರ್ಷಿಕೋತ್ಸವಗಳಿಗೆ ಬೇಕಾದ ತುಪ್ಪ, ಅಕ್ಕಿ, ಬೇಳೆ, ತೆಂಗಿನಕಾಯಿಯನ್ನು ಊರಿನ ಅಂಗಡಿಗಳಿಂದಲೇ ತರಿಸಬಹುದು. ಬಿ.ಕಾಂ. ಓದಿದ ಯುವಕ ಯುವತಿಯರು ಭಾನುವಾರ ಒಂದೆರಡು ಗಂಟೆ ಬಸದಿಯಲ್ಲಿ ಕುಳಿತು ಹಿರಿಯ ವ್ಯಾಪಾರಿಗಳ ಲೆಕ್ಕ ಬರೆದುಕೊಟ್ಟರೆ, ಮುಂದೆ ನೋಟಿಸ್ ಬಂದರೂ ಯಾರೂ ಅಂಗಡಿ ಮುಚ್ಚುವ ಯೋಚನೆ ಮಾಡಬೇಕಾಗುವುದಿಲ್ಲ.