ಚರ್ಮದ ಏಡಿಗಂತಿ

ಕಾಶ್ಮೀರದ ಜನರು ಚಳಿಗಾಲದಲ್ಲಿ ಕೆಂಡ ತುಂಬಿದ ಮಣ್ಣಿನ ಕುಡಿಕೆಯನ್ನು ಹೆಣೆದ ಬುಟ್ಟಿಯಲ್ಲಿರಿಸಿ ನಿಲುವಂಗಿಯೊಳಗೆ ಹಿಡಿದುಕೊಳ್ಳುವುದುಂಟು. ಇದಕ್ಕೆ ಕಾಂಗ್ರಿಯೆಂದು ಹೆಸರು. ಇದರ ಕಾವು ವರ್ಷಗಟ್ಟಲೆ ತಗಲಿದ ತೊಡೆ, ಕಿಬ್ಬೊಟ್ಟೆಗಳ ಮೇಲೆ ಒಂದು ಬಗೆಯ ಏಡಿಗಂತಿ, ಎಂದರೆ ಕ್ಯಾನ್ಸರ್, ಹುಟ್ಟುವುದನ್ನು ಎಲ್ಮ್ಸ್ಲಿ ಎಂಬ ವೈದ್ಯನು 1866ರಲ್ಲಿ ವರದಿಮಾಡಿದನು.

ಚರ್ಮದ ಮೇಲ್ಪದರವು ಸದಾ ಸವೆಯುತ್ತಿರುತ್ತದೆ. ಅದರ ತಳದ ಜೀವಕೋಶಗಳು ಇಬ್ಭಾಗವಾಗಿ ಹೊಸ ಕೋಶಗಳನ್ನು ಹುಟ್ಟಿಸುತ್ತವೆ; ಇವು ಮೇಲೇರುತ್ತ ಚಪ್ಪಟೆಯಾಗಿ, ಕೊನೆಗೆ ಸತ್ತು ಉದುರುತ್ತವೆ. ಈ ಬೆಳವಣಿಗೆಗೆ ಒಂದು ಕಟ್ಟುಪಾಡುಂಟು. ಬಿಸಿಲಿನ ಅತಿನೇರಳೆ ಕಿರಣಗಳು ಕೋಶದೊಳಗಿನ ಡಿ.ಎನ್.ಎ.ಯನ್ನು ಕೆಡಿಸಿದಾಗ ಕೋಶವೇ ಅದನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತದೆ. ಉಳಿದ ದೋಷಗಳು ಕೂಡುತ್ತ ಹೋದರೆ ಕಟ್ಟುಪಾಡು ಮುರಿದು, ಕೋಶಗಳು ಅಂಕೆಯಿಲ್ಲದೆ ಬೆಳೆಯತೊಡಗುತ್ತವೆ.

ಈ ರೋಗದಲ್ಲಿ ಮೂರು ಮುಖ್ಯ ಬಗೆಗಳುಂಟು. ತಳದ ಕೋಶಗಳಂತಹವುಗಳಿಂದ ಬೆಳೆಯುವುದು ಮೊದಲನೆಯದು. ಬಿಳಿಯ ಜನರಲ್ಲಿ ಇದೇ ಹೆಚ್ಚು. ಮುಖದ ಮೇಲೆ ಮುತ್ತಿನಂತೆ ಹೊಳೆಯುವ ಗಂಟಾಗಿ ತೋರಿ, ನಿಧಾನವಾಗಿ ಹುಣ್ಣಾಗುತ್ತದೆ. ದೇಹದ ಬೇರೆಡೆಗೆ ಹರಡುವುದು ಬಲು ಅಪೂರ್ವ. ಎರಡನೆಯದು ಚಪ್ಪಟೆ ಕೋಶಗಳದು. ಒರಟಾದ ಗಂಟಾಗಿಯೋ ಮಾಯದ ಹುಣ್ಣಾಗಿಯೋ ಕಾಣಿಸಿಕೊಳ್ಳುವ ಇದು ಹಳೆಯ ಸುಟ್ಟಗಾಯದ ಕಲೆಯಲ್ಲಿಯೂ ಹುಟ್ಟಬಲ್ಲುದು. ಅಲಕ್ಷಿಸಿದರೆ ದುಗ್ಧಗ್ರಂಥಿಗಳಿಗೆ ಹರಡೀತು. ಕಾಂಗ್ರಿಯ ಏಡಿಗಂತಿ ಈ ಬಗೆಯದೇ. ಮೂರನೆಯದಾದ ಮೆಲನೋಮವು ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುತ್ತದೆ. ಇದು ಮಿಕ್ಕೆರಡಕ್ಕಿಂತ ವಿರಳ, ಆದರೆ ಬೇಗನೆ ಹರಡುವುದರಿಂದ ಹೆಚ್ಚು ಘಾತಕ.

ಬಣ್ಣದ ಕೋಶಗಳ ಸಂಖ್ಯೆ ಕರಿಯರಲ್ಲಿಯೂ ಬಿಳಿಯರಲ್ಲಿಯೂ ಸರಿಸುಮಾರು ಒಂದೇ. ಅವು ತಯಾರಿಸುವ ಮೆಲನಿನ್ ಎಂಬ ವರ್ಣದ್ರವ್ಯದಲ್ಲಿ ಮಾತ್ರ ವ್ಯತ್ಯಾಸ. ಮೆಲನಿನ್ ಕೊಡೆಯಂತೆ ಕಿರಣಗಳನ್ನು ತಡೆಯುವುದರಿಂದ ಕಪ್ಪು ಚರ್ಮದವರಿಗೆ ಅಪಾಯ ಕಡಿಮೆ. ಆದರೆ ಅಪಾಯವೇ ಇಲ್ಲವೆಂದು ಬಗೆಯಲಾಗದು. ಅವರಲ್ಲಿ ಮೆಲನೋಮವು ಹೆಚ್ಚಾಗಿ ತೋರುವುದು ಬಿಸಿಲು ಬೀಳದ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನಡಿಯಲ್ಲಿ ಈ ರೋಗವಿರುವುದು ಗೊತ್ತಾಯಿತು. 1981ರಲ್ಲಿ, 36ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು.

ಹಾಗಾದರೆ ನಾವು ಗಮನಿಸಬೇಕಾದುದೇನು? ವಾರಗಳು ಕಳೆದರೂ ಮಾಯದ ಹುಣ್ಣು. ಬೆಳೆಯುವ, ರಕ್ತ ಒಸರುವ ಗಂಟು. ಆಕಾರ, ಅಂಚು, ಬಣ್ಣಗಳು ಬದಲಾಗುವ ಅಥವಾ 6 ಮಿಲಿಮೀಟರಿಗಿಂತ ಅಗಲವಾಗುವ ಮಚ್ಚೆ. ಉಗುರಿನಲ್ಲಿ ಹೊಸದಾಗಿ ಮೂಡಿದ ಕಪ್ಪು ಗೆರೆ. ಇವೆಲ್ಲವೂ ಏಡಿಗಂತಿಯೇ ಆಗಿರಬೇಕೆಂದಿಲ್ಲ. ಚೂರೊಂದನ್ನು ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಿಜ ತಿಳಿಯುತ್ತದೆ. ಮೊದಲ ಹಂತದಲ್ಲಿಯೇ ಕತ್ತರಿಸಿ ತೆಗೆದರೆ ರೋಗವು ಬಹುತೇಕ ಗುಣವಾಗುತ್ತದೆ. ದೇಹದ ಒಳಗಿನ ಏಡಿಗಂತಿಯನ್ನು ಕಾಣುವುದು ಕಷ್ಟ. ಚರ್ಮದ್ದಾದರೋ ಕಣ್ಣೆದುರಿಗೇ ಇರುತ್ತದೆ. ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡುವ ಅಭ್ಯಾಸವಿದ್ದರಾಯಿತು.