ಕೊಲೆಗಡುಕರ ಜೊತೆ ಮಾತಿಗೆ ಕೂತವರು

ಸರ್ಜಿಯೋ ವಿಯೇರಾ ಡಿ ಮೆಲ್ಲೊ. ಬ್ರೆಜಿಲ್‌ನವರು. 1969ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಸೇರಿದಾಗ ಸಿಕ್ಕಿದ್ದು ಜಿನೀವಾದಲ್ಲಿ ಬರಹ ತಿದ್ದುವ ಕೆಲಸ. ಆಮೇಲೆ ಬಾಂಗ್ಲಾದೇಶ, ಸುಡಾನ್, ಸೈಪ್ರಸ್, ಮೊಜಾಂಬಿಕ್... ಕುರ್ಚಿಗೆ ಅಂಟಿಕೊಳ್ಳುವ ಆಸಾಮಿಯೇ ಅಲ್ಲ!

ಕಾಂಬೋಡಿಯಾದ ಕತೆ ಕೇಳಿ. ಥಾಯ್ಲೆಂಡ್ ಗಡಿಯ ಶಿಬಿರಗಳಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಕಾಂಬೋಡಿಯಾ ನಿರಾಶ್ರಿತರು. ಅವರನ್ನು ಊರು ಮುಟ್ಟಿಸಬೇಕು. ನೆಲದ ತುಂಬ ನೆಲಬಾಂಬು, ಕಾಡಿನಲ್ಲಿ ಖಮೇರ್ ರೂಜ್ ಬಂಡುಕೋರರು. ಲಕ್ಷಾಂತರ ಜನರನ್ನು ಕೊಂದವರು. ಸರ್ಜಿಯೋ ಅವರ ಜೊತೆಗೇ ಮಾತಿಗೆ ಕೂತರು. ಇದು ಸರಿಯೇ? ನನಗಂತೂ ಸುಲಭದ ಉತ್ತರ ಹೊಳೆಯಲ್ಲ. 1993ರ ಹೊತ್ತಿಗೆ ಜನ ಮಾತ್ರ ಊರು ಸೇರಿದ್ದರು.

ಮುಂದೆ ಪೂರ್ವ ಟಿಮೋರ್. ಅಲ್ಲಿ 2002ರವರೆಗೆ ವಿಶ್ವಸಂಸ್ಥೆಯ ಪರವಾಗಿ ಇಡೀ ನಾಡಿನ ಆಡಳಿತವೇ ಇವರ ಕೈಲಿ.

2003ರ ಆಗಸ್ಟ್ 19. ಸರ್ಜಿಯೋ ಆಗ ಇರಾಕ್‌ನಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿ. ಬಾಗ್ದಾದ್‌ನಲ್ಲಿ ಅವರ ಕಚೇರಿಯಿದ್ದ ಕೆನಾಲ್ ಹೋಟೆಲ್ ಮೇಲೆ ಟ್ರಕ್ ಬಾಂಬ್ ದಾಳಿ. 22 ಸಾವು. ಅವಶೇಷದಡಿ ಸಿಲುಕಿದ ಸರ್ಜಿಯೋ ತಾಸುಗಟ್ಟಲೆ ಜೀವಂತವಿದ್ದರು. ಹೊರತೆಗೆಯಲು ಸರಿಯಾದ ಸಲಕರಣೆ ಇರಲಿಲ್ಲ.